ಹಿತ್ತಲಿಗೆ ಹಾಸಿದ ಫರಸಿ

ಹಸಿ ಸಿಮೆಂಟಿನ ವಾಸನೆ ಬಂದರೆ ಕೆಲವರಿಗೆ ಹೊಸ ಮನೆ ನೆನಪಾಗುತ್ತದಂತೆ, ವಾಸ್ತುಶಾಂತಿಯ ಹೋಳಿಗೆ ನೆನಪಾಗುತ್ತದಂತೆ. ನನಗೆ ಸಿಟ್ಟು ಬರುತ್ತದೆ. ಇವತ್ತು ಬೆಳಿಗ್ಗೆಯೂ ಬಂತು. ಗೋಕಾಕದ ಈ ಮನೆಯ ಹಿಂದಿನ ಜಾಗವನ್ನು ಚೆಂದ ಮಾಡಿಸಲು ನಮ್ಮ ಮಗ ಹೊರಟಿದ್ದಾನೆ. ಗುತ್ತಿಗೆದಾರನೊಬ್ಬ ಬಂದು ಮೂಲೆಯಲ್ಲಿ ಸಿಮೆಂಟು ಕಲಸಿ, ಮಾದರಿಗೆಂದು ನಾಲ್ಕು ಟೈಲ್ಸ್ ಅಂಟಿಸಿ, ಮೊಬೈಲಿನಲ್ಲಿ ಚಿತ್ರ ತೋರಿಸಿದ. ಹಸಿರು ಹುಲ್ಲು, ಬಿಳಿ ಕುರ್ಚಿ, ಬಣ್ಣದ ಛತ್ರಿ. "ಪ್ಲಾಸ್ಟಿಕ್ ಹುಲ್ಲರೀ ಅಜ್ಜಿ. ನೀರ ಹಾಕೂದ ಬ್ಯಾಡ, ಕಸಾ ತಗಿಯೂದ ಬ್ಯಾಡ" ಎಂದು ನನಗೇ ಉಪಕಾರ ಮಾಡುವವನಂತೆ ಹೇಳಿದ. ನೀರು ಬೇಡದ ಹುಲ್ಲು! ಮೇವು ಬೇಡದ ಎಮ್ಮೆ ಕಟ್ಟಿಕೊಂಡು ಯಾರಾದರೂ ಹಾಲು ಕರೆದಿದ್ದಾರೆಯೇ?

"ಅವ್ವಗ ಸಿಟ್ಟ ಮೂಗಿನ ತುದೀಗೇ ಇರತೈತಿ" ಎನ್ನುತ್ತಾನೆ ಮಗ. ಇರಲಿ ಬಿಡಿ. ಅದು ಮೂಗಿನ ತುದಿಗೆ ಬರುವ ಮೊದಲು ಎಲ್ಲಿತ್ತು ಎಂಬುದನ್ನು ನಿಮಗಾದರೂ ಹೇಳುತ್ತೇನೆ.

ನಾನು ಹುಕ್ಕೇರಿ ಕಡೆಯವಳು. ಕರ್ನಾಟಕ ಒಂದಾದ ಹೊಸದರಲ್ಲಿ ಮೂಡಲಗಿಯ ಮನೆಗೆ ಸೊಸೆಯಾಗಿ ಬಂದೆ. ಮಾವನವರದು ಬೆಲ್ಲದ ವ್ಯಾಪಾರ. ಮನೆಯ ಮುಂದೆ ಕಟ್ಟೆ, ಆಮೇಲೆ ಪಡಸಾಲೆ, ಅಡುಗೆಮನೆ, ಬಚ್ಚಲು, ಕೊನೆಗೆ ಹಿತ್ತಲು. ಕಟ್ಟೆ ಗಂಡಸರದು. ಪಡಸಾಲೆ ಗಂಡಸರದು ಮತ್ತು ಅವರ ಬೀಗರದು. ಅಲ್ಲಿಗೆ ಕಾಲಿಟ್ಟರೆ ಸೆರಗು ತಲೆಯ ಮೇಲೆ ಬರಬೇಕು, ದನಿ ಗಂಟಲೊಳಗೆ ಇಳಿಯಬೇಕು. ಅಡುಗೆಮನೆ ನಮ್ಮದೇ, ಆದರೆ ಅಲ್ಲಿ ನಮಗಿಂತ ಹೊಗೆಗೆ ಹೆಚ್ಚು ಅಧಿಕಾರವಿತ್ತು. ಸೆರಗು ಇಳಿಸಿ, ಕಾಲು ಚಾಚಿ, ಬಾಯ್ತುಂಬ ನಗಬಹುದಾದ ಜಾಗವೆಂದರೆ ಹಿತ್ತಲು ಒಂದೇ.

ದೊಡ್ಡ ತೋಟ ಎಂದುಕೊಳ್ಳಬೇಡಿ. ಎರಡು ಎಮ್ಮೆ ಕಟ್ಟಿದರೆ ತುಂಬಿಹೋಗುವಷ್ಟು ಜಾಗ. ಬಚ್ಚಲ ನೀರು ಗೋಡೆಯ ತೂತಿನಿಂದ ಹೊರಬಂದು, ನಮ್ಮ ಅತ್ತೆ ಗಂಗವ್ವ ಕುಡುಗೋಲಿನಿಂದ ಕೆರೆದ ಸಣ್ಣ ಕಾಲುವೆಯಲ್ಲಿ ಹರಿಯುತ್ತಿತ್ತು. ಮೊದಲು ಬಾಳೆ, ಮುಂದೆ ಕರಿಬೇವು, ಆಮೇಲೆ ಪೂಜೆಗೆ ಹೂ ಕೊಡುವ ಕಣಗಿಲೆ, ಕೊನೆಗೆ ಮಲ್ಲಿಗೆ ಹಂದರ. ಯಾರ ಸ್ನಾನದ ನೀರು ಯಾವ ಗಿಡಕ್ಕೆ ಎಂಬುದನ್ನು ಅತ್ತೆ ನಿರ್ಧರಿಸುತ್ತಿದ್ದರು. ಮಣ್ಣಿನ ಹೆಂಟೆಯೊಂದನ್ನು ಕಾಲಿನಿಂದ ಸರಿಸಿದರೆ ಆಯಿತು, ನೀರು ದಾರಿ ಬದಲಿಸುತ್ತಿತ್ತು. ಮಾವನವರದು ಧಾರಾಳದ ಸ್ನಾನ, ಅದು ಬಾಳೆಗೆ. ನಾನು ಎರೆದುಕೊಂಡ ದಿನ ಸೀಗೆಕಾಯಿ ನೀರು ಮಲ್ಲಿಗೆಗೆ.

"ನಿನ್ನ ಜಡಿ ಉದ್ದ ಐತಿ. ಈ ವರ್ಷ ಮೊಗ್ಗಿ ಜಗ್ಗ ಬಿಡತಾವ ನೋಡ" ಎನ್ನುತ್ತಿದ್ದರು ಅತ್ತೆ. ಆ ಮನೆಗೆ ಬಂದ ಮೇಲೆ, ನನ್ನಿಂದಲೂ ಏನೋ ಒಳ್ಳೆಯದಾಗುತ್ತದೆ ಎಂದು ಒಬ್ಬರು ಹೇಳಿದ ಮೊದಲ ಮಾತು ಅದು. ಮರೆಯುವುದು ಹೇಗೆ?

ಮಧ್ಯಾಹ್ನ ಗಂಡಸರು ಅಂಗಡಿಗೆ ಹೋದ ಮೇಲೆ ಹಂದರದ ಕೆಳಗೆ ನಮ್ಮ ಸಭೆ. ಪಕ್ಕದ ಮನೆಯ ತಂಗೆವ್ವ ಹಿಂಬಾಗಿಲಿನಿಂದ ಬರುತ್ತಿದ್ದಳು. ಜೋಳ ಹಸನು ಮಾಡುತ್ತ ಊರಿನ ಎಲ್ಲರ ಮನೆಯ ಮಾತನ್ನೂ ಹಸನು ಮಾಡುತ್ತಿದ್ದೆವು. ಪಡಸಾಲೆಯಲ್ಲಿ ಹೂಂ ಎನ್ನುವುದಕ್ಕಿಂತ ಹೆಚ್ಚು ಮಾತಾಡದ ಅತ್ತೆ ಇಲ್ಲಿ ಮಾವನವರ ನಡಿಗೆಯನ್ನೂ ಕೆಮ್ಮನ್ನೂ ಹಾಗೇ ಮಾಡಿ ತೋರಿಸುತ್ತಿದ್ದರು. ನಕ್ಕು ನಕ್ಕು ನನ್ನ ಹೊಟ್ಟೆ ನೋಯುತ್ತಿತ್ತು.

ಹೀಗಿರುವಾಗ ಮಾವನವರು ಹೊಲಕ್ಕೆ ನೀರು ಬಿಡಿಸುವ ಮಾತಿಗೆಂದು ಕಾಲುವೆ ಸಾಹೇಬರೊಬ್ಬರ ಬಂಗಲೆಗೆ ಹೋಗಿಬಂದರು. ಹೋಗಬಾರದಿತ್ತು. ನೀರಿನ ಮಾತು ಏನಾಯಿತೋ ಕಾಣೆ, ಬಂಗಲೆಯನ್ನು ಮಾತ್ರ ತಲೆಯಲ್ಲಿ ಹೊತ್ತು ತಂದರು. ಅಲ್ಲಿ ಕಲ್ಲು ಹಾಸಿದ ಅಂಗಳವಿತ್ತಂತೆ, ಬೆತ್ತದ ಕುರ್ಚಿಗಳಿದ್ದವಂತೆ, ಕುಂಡಗಳಲ್ಲಿ ಬಣ್ಣಬಣ್ಣದ ಎಲೆಯ ಕ್ರೋಟನ್ ಗಿಡಗಳಿದ್ದವಂತೆ.

"ಮಂದಿ ಹೊರಗ ಗಾಳ್ಯಾಗ ಕುಂತ ಚಹಾ ಕುಡೀತಾರ. ನಮ್ಮ ಹಿತ್ತಲಾ ನೋಡ್ರಿ, ಬರೇ ರಾಡಿ, ಕುಂತರ ಗುಂಗಾಡ ಕಡೀತಾವ. ಸುಧಾರಣಿ ಆಗಬೇಕ" ಎಂದು ಊಟಕ್ಕೆ ಕುಳಿತಾಗ ಘೋಷಿಸಿದರು.

ಸುಧಾರಣೆ ಆ ಕಾಲದ ಮುದ್ದಿನ ಮಾತು. ದೇಶ ಸುಧಾರಿಸುತ್ತಿತ್ತು, ರಸ್ತೆ ಸುಧಾರಿಸುತ್ತಿತ್ತು, ನಮ್ಮ ಹಿತ್ತಲು ಯಾಕೆ ಹಿಂದೆ ಬೀಳಬೇಕು? ಆದರೆ ನೀವೇ ಹೇಳಿ, ಸುಧಾರಿಸುವ ಮೊದಲು ಆ ಜಾಗದಲ್ಲಿ ದಿನವೆಲ್ಲ ಇರುವವರನ್ನು ಒಂದು ಮಾತು ಕೇಳಬೇಡವೇ? ಎತ್ತು ಕೊಳ್ಳುವಾಗ ಆಳನ್ನು ಕೇಳುತ್ತಿದ್ದರು. ಬೆಲ್ಲದ ಮಾಲು ಕೊಳ್ಳುವಾಗ ಹಮಾಲನನ್ನು ಕೇಳುತ್ತಿದ್ದರು. ಹಿತ್ತಲಿನ ವಿಷಯದಲ್ಲಿ ಅತ್ತೆಯನ್ನು ಕೇಳಬೇಕೆಂದು ಯಾರ ತಲೆಗೂ ಹೊಳೆಯಲಿಲ್ಲ. ಅತ್ತೆ ರೊಟ್ಟಿ ಬಡಿಸುತ್ತಲೇ ಇದ್ದರು.

ಸಂಕ್ರಾಂತಿ ಮುಗಿಯುತ್ತಲೇ ಗೌಂಡಿಗಳು ಬಂದರು. ಚಕ್ಕಡಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಬಂತು. ಬಚ್ಚಲ ಗೋಡೆಯ ತೂತು ಮುಚ್ಚಿ, ನೀರನ್ನು ಕೊಳವೆಯಲ್ಲಿ ಬೀದಿಯ ಗಟಾರಕ್ಕೆ ತಿರುಗಿಸಿದರು. ಬಾಳೆ ಕಡಿದರು, ಕಣಗಿಲೆ ಕಡಿದರು. ಕರಿಬೇವು ಮಾತ್ರ ಉಳಿಯಿತು. ಅದರ ಮೇಲಿನ ಪ್ರೀತಿಗಲ್ಲ, ಚಹಾದ ಜೊತೆ ಅವಲಕ್ಕಿ ಚೂಡಾ ಬೇಕು, ಚೂಡಾಕ್ಕೆ ಒಗ್ಗರಣೆ ಬೇಕು. ಹಂದರಕ್ಕೆ ಕೈಹಾಕಿದಾಗ ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು, "ಬೇರಾದ್ರೂ ಉಳಸ್ರೆಪಾ" ಎಂದರು.

"ಒಳಗ ನಡಿ. ಹೊರಗಿನ ಮಂದಿ ಅದಾರ" ಎಂದರು ಮಾವ.

ಅತ್ತೆ ಒಳಗೆ ಬಂದರು. ಅವರ ಹಿತ್ತಲಿನಲ್ಲಿ ಹೊರಗಿನ ಮಂದಿ ನಿಂತಿದ್ದರು, ಅವರು ಒಳಗೆ! ಒಲೆಯ ಮುಂದೆ ಕುಳಿತು ಊದುಗೊಳವೆ ಊದುತ್ತಲೇ ಇದ್ದರು, ಉರಿ ಚೆನ್ನಾಗಿಯೇ ಇತ್ತು. ನನಗೆ ಬಂದ ಸಿಟ್ಟಿಗೆ ಒಲೆಯೇ ಬೇಡವಾಗಿತ್ತು. ಆದರೆ ಹೊಸ ಸೊಸೆಯ ಸಿಟ್ಟು ಪಾತ್ರೆಗಳ ಸದ್ದಿನಲ್ಲೇ ಮುಗಿಯಬೇಕು. ಅವತ್ತು ಎರಡು ತಂಬಿಗೆ ನೆಗ್ಗಿದವು.

ಆಮೇಲೆ ಸಂಜೆಯಾದರೆ ಸಾಕು, ಮಾವನವರ ಗೆಳೆಯರು ಪಡಸಾಲೆ ದಾಟಿ ಹಿತ್ತಲಿಗೇ ಬರತೊಡಗಿದರು. ಬೆತ್ತದ ಕುರ್ಚಿ, ಎಲೆ ಅಡಿಕೆ, ಮೇಲಿಂದ ಮೇಲೆ ಚಹಾ. ಕಟ್ಟೆಯೂ ಅವರದು, ಪಡಸಾಲೆಯೂ ಅವರದು, ಈಗ ಹಿತ್ತಲೂ ಅವರದು. ನಾವು ಮುಂದೆಯೂ ಹೋಗುವಂತಿಲ್ಲ, ಹಿಂದೆಯೂ ಹೋಗುವಂತಿಲ್ಲ. ತಂಗೆವ್ವ ಬರುವುದು ನಿಂತಿತು. ತಲೆ ಎರೆದುಕೊಂಡರೆ ಒದ್ದೆ ಕೂದಲು ಹೊಗೆಯಲ್ಲೇ ಆರಬೇಕು. ಮಧ್ಯಾಹ್ನವಾದರೂ ಹೋಗೋಣವೆಂದರೆ ಕಲ್ಲು ಕಾದು ಅಂಗಾಲು ಸುಡುತ್ತಿತ್ತು, ನೆರಳಿಗೆ ಹಂದರವಿರಲಿಲ್ಲ.

ಇನ್ನು ಆ ಕ್ರೋಟನ್! ಮೊದಲಿದ್ದ ಗಿಡಗಳು ನಮ್ಮ ಮೈಮೇಲಿಂದ ಬಿದ್ದ ನೀರು ಕುಡಿದು ಹೂ ಕೊಟ್ಟವು, ಹಣ್ಣು ಕೊಟ್ಟವು. ಈ ಮಹಾರಾಣಿಯರು ದೇವರಿಗೂ ಬೇಡ, ಸಾರಿಗೂ ಬೇಡ. ಆದರೆ ಕುಂಡಕ್ಕೆ ಸೋಪಿನ ನೀರು ಆಗದು, ಬಾವಿಯ ಹೊಸ ನೀರೇ ಬೇಕು. ಸೇದುವವರು ಯಾರು? ನಾನು. ಬಚ್ಚಲ ನೀರು ಗಟಾರಕ್ಕೆ ಹರಿದುಹೋಗುವುದನ್ನು ನೋಡುತ್ತ, ಅಂಗೈ ಸುಲಿಯುವಂತೆ ಹಗ್ಗ ಎಳೆದು ಆ ಎಲೆಗಳಿಗೆ ನೀರು ಕುಡಿಸಿದ್ದೇನೆ. ಬಣ್ಣದ ಎಲೆ ಎಲ್ಲಿ ಕಂಡರೂ ಈಗಲೂ ಮುಖ ತಿರುಗಿಸುತ್ತೇನೆ. ಗಿಡದ ಮೇಲೆ ಹಗೆ ಸಾಧಿಸುವುದು ಹುಚ್ಚುತನ ಎಂದು ಗೊತ್ತು. ಮನುಷ್ಯರ ಮೇಲೆ ಸಾಧಿಸಲಾಗದ್ದನ್ನು ಎಲ್ಲಾದರೂ ಸಾಧಿಸಬೇಕಲ್ಲ.

ಒಂದು ಬೆಳಿಗ್ಗೆ ಮಾವ ಲಿಂಗಪೂಜೆಗೆ ಕುಳಿತವರು, "ಹೂವು ಎಲ್ಲಿ?" ಎಂದರು. ಅತ್ತೆ ಹೋಗಿ ಒಂದು ಕ್ರೋಟನ್ ಎಲೆ ಚಿವುಟಿ ತಂದು ಹರಿವಾಣದಲ್ಲಿಟ್ಟರು. "ಹಿತ್ತಲದಾಗ ಇದ ಐತ್ರಿ." ಮಾವ ಎಲೆಯನ್ನು ನೋಡಿದರು, ಅತ್ತೆಯನ್ನು ನೋಡಿದರು. ಎಲೆಯನ್ನು ಬದಿಗಿಟ್ಟು ಬರಿಯ ವಿಭೂತಿಯಲ್ಲಿ ಪೂಜೆ ಮುಗಿಸಿದರು. ಮರುದಿನದಿಂದ ಸಂತೆಯ ಹೂವು ಬಂತು. ಅರ್ಥವಾಗಿರಲಿಲ್ಲವೆಂದಲ್ಲ. ಅರ್ಥವಾದದ್ದನ್ನು ತೋರಗೊಡಲಿಲ್ಲ, ಅದೇ ನನಗೆ ಹೆಚ್ಚು ಉರಿಯಿತು.

ಶಿವರಾತ್ರಿ ಕಳೆದ ಮೇಲೆ ನನ್ನ ತವರಿನಿಂದ ಸಂಕೇಶ್ವರದ ಮೆಣಸಿನಕಾಯಿ ಬಂತು. ವರ್ಷಕ್ಕಾಗುವಷ್ಟು ಖಾರ ಕುಟ್ಟುವ ಕಾಲ. ನಮ್ಮ ಕಡೆ ಇದು ಸಣ್ಣ ಕೆಲಸವಲ್ಲ. ಮೆಣಸಿನಕಾಯಿ ಒಣಗಬೇಕು, ತೊಟ್ಟು ಮುರಿಯಬೇಕು, ಹುರಿಯಬೇಕು, ಉಳ್ಳಾಗಡ್ಡಿ ಬಳ್ಳೊಳ್ಳಿ ಸೇರಿಸಿ ಒನಕೆಯಲ್ಲಿ ಕುಟ್ಟಬೇಕು. ಪ್ರತಿ ವರ್ಷ ಬೆಳಗಿನ ತಂಪಿನಲ್ಲಿ ಕುಟ್ಟುತ್ತಿದ್ದ ಅತ್ತೆ ಈ ಸಲ ಸರಿಯಾಗಿ ಸಂಜೆ, ಬೆತ್ತದ ಕುರ್ಚಿಗಳ ಬದಿಗೇ ಒರಳು ಇಡಿಸಿದರು. ಸೆರಗು ತಲೆಯ ಮೇಲೆ, ಕಣ್ಣು ನೆಲದ ಮೇಲೆ, ಒನಕೆ ಆಕಾಶಕ್ಕೆ. ತಂಗೆವ್ವನಿಗೂ ಹೇಳಿಕಳಿಸಿದ್ದರು. ಘಾಟು ಎದ್ದಿತು ನೋಡಿ! ಮೊದಲು ಒಬ್ಬರು ಸೀನಿದರು, ಆಮೇಲೆ ಎಲ್ಲರೂ. ಚಹಾದ ಬಸಿಯಲ್ಲಿ ಕಣ್ಣೀರು.

"ಇದನ್ನ ಇಲ್ಲೇ ಕುಟ್ಟಬೇಕೇನ?" ಎಂದು ಗುಡುಗಿದರು ಮಾವ.

"ಮತ್ತ ಎಲ್ಲಿ ಕುಟ್ಟೂನ್ರಿ? ಕಟ್ಟಿ ಮ್ಯಾಲ ಕುಟ್ಟೂನೇನ್ರಿ?" ಎಂದರು ಅತ್ತೆ, ಸೆರಗು ಇನ್ನಷ್ಟು ಮುಂದೆಳೆದುಕೊಂಡು.

ಆ ವರ್ಷ ಖಾರ ಕುಟ್ಟುವುದು ಬೇಗ ಮುಗಿಯಲೇ ಇಲ್ಲ. ಗೆಳೆಯರು ಕಟ್ಟೆಗೆ ವಾಪಸಾದರು. ನಾನು ಗೆದ್ದೆವೆಂದು ಕುಣಿದೆ. ಅತ್ತೆ ಕುಣಿಯಲಿಲ್ಲ. ಒಂದು ಬೆಳಿಗ್ಗೆ ನಾನು ನೀರಿಗೆಂದು ಹೊರಬಂದರೆ, ಅವರು ಹಾರೆ ಹಿಡಿದು, ಹಂದರವಿದ್ದ ಜಾಗದ ಫರಸಿಯೊಂದನ್ನು ಎಬ್ಬಿಸಿ ಗೋಡೆಗೆ ಆನಿಸಿದ್ದರು. ಬಚ್ಚಲ ಗೋಡೆಯ ಮುಚ್ಚಿದ ತೂತನ್ನೂ ಒಡೆದಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದರು. ಸದ್ದಿಗೆ ಮಾವ ಎದ್ದು ಬಂದರು.

"ಯಾರನ್ನ ಕೇಳಿ ಕಿತ್ತಿ?"

"ನೀವು ಯಾರನ್ನ ಕೇಳಿ ಹಾಸಿಸಿದ್ರಿ?"

"ನನ್ನ ಮನಿ. ನಾ ಯಾರನ್ನ ಕೇಳಬೇಕ?"

ಅತ್ತೆ ಹಾರೆಯನ್ನು ನೆಲಕ್ಕೂರಿ ನಿಂತರು. "ಹಂಗಾದ್ರ ಇಷ್ಟ ವರ್ಷ ನಾ ಯಾರ ಮನ್ಯಾಗ ನೀರ ಹಾಕೇನ್ರಿ?"

ಮಾವ ತಿರುಗಿ ಬಚ್ಚಲಿಗೆ ಹೋದರು. ಸ್ವಲ್ಪ ಹೊತ್ತಿಗೆ ಅವರ ಧಾರಾಳದ ಸ್ನಾನದ ನೀರು ಒಡೆದ ತೂತಿನಿಂದ ಹೊರಬಂದು, ಕಲ್ಲಿನ ಮೇಲೆ ಹರಿದು, ಆ ಹೊಂಡಕ್ಕೆ ಇಳಿಯಿತು. ಅವರು ತಪ್ಪು ಒಪ್ಪಿಕೊಂಡ ರೀತಿ ಅದು ಎಂದು ತಂಗೆವ್ವ ಕೊನೆಯವರೆಗೂ ಹೇಳುತ್ತಿದ್ದಳು. ನಾನು ಒಪ್ಪುವುದಿಲ್ಲ. ಸ್ನಾನ ಮಾಡಿದರು, ಅಷ್ಟೇ.

ಮಲ್ಲಿಗೆ ಮತ್ತೆ ಚಿಗುರಿತು ಎಂದು ಹೇಳಿದರೆ ನಿಮಗೆ ಸಮಾಧಾನವಾಗುತ್ತಿತ್ತು. ಚಿಗುರಲಿಲ್ಲ. ಕಲ್ಲಿನಡಿ ಬೇರು ಸತ್ತಿತ್ತು. ಅತ್ತೆ ಆ ಜಾಗದಲ್ಲಿ ಬಸಳೆ ಹಚ್ಚಿದರು. ನಾವು ಬಸಳೆ ಸಾರು ಉಂಡೆವು, ಮಾವನೂ ಉಂಡರು, ಚೆನ್ನಾಗಿದೆ ಎಂದರು. ಹಿತ್ತಲು ಮತ್ತೆ ನಮ್ಮದಾಯಿತು. ಆದರೆ ಅತ್ತೆ ಮಾವನವರ ಕೆಮ್ಮನ್ನು ಮಾಡಿ ತೋರಿಸಿ ನಗಿಸುವುದು ಮಾತ್ರ ನಿಂತೇ ಹೋಯಿತು. ಅದನ್ನು ಯಾವ ಹಾರೆಯಿಂದ ಎಬ್ಬಿಸಬೇಕಿತ್ತು?

ಇವತ್ತು ಬೆಳಿಗ್ಗೆ ಇದೆಲ್ಲ ಒಟ್ಟಿಗೆ ನುಗ್ಗಿ ಬಂತು. ಕೋಲು ಹಿಡಿದು ಎದ್ದೆ. ಈ ಮೂಲೆಯಲ್ಲಿ ಮಣ್ಣು ಬಿಡಬೇಕು, ಇಲ್ಲಿ ಮಲ್ಲಿಗೆ ಹಂದರ ಆಗಬೇಕು ಎಂದು ಹೇಳಲು ಬಾಯಿ ತೆರೆದೆ. ಆಗ ಕಂಡಳು ನನ್ನ ಸೊಸೆ ಸುನಂದಾ. ಸಾಲಿಯಲ್ಲಿ ಮಕ್ಕಳಿಗೆ ಪಾಠ ಹೇಳಲು ಹೊರಟವಳು, ಗುತ್ತಿಗೆದಾರನಿಗೆ ಚಹಾದ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಅವತ್ತು ನನ್ನ ಅತ್ತೆ ನಿಂತ ಹಾಗೆಯೇ. ತೆರೆದ ಬಾಯಿಂದ ಬೇರೆ ಮಾತು ಬಂತು.

"ಸುನಂದಾ, ಇಲ್ಲಿ ನಿನಗೇನ ಬೇಕವಾ?"

ಅವಳು ಗುತ್ತಿಗೆದಾರನ ಪಕ್ಕ ನಿಂತಿದ್ದ ಗಂಡನ ಮುಖ ನೋಡಿದಳು.

"ಅವನ ಮಾರಿ ಯಾಕ ನೋಡತಿ? ನನಗ ಹೇಳ. ಮಲ್ಲಿಗಿ ಹಂದರಾ ಹಾಕಿಸೂನು?"

"ಮಲ್ಲಿಗಿ ಬ್ಯಾಡ್ರೀ ಅತ್ತಿ" ಎಂದಳು ಮೆಲ್ಲಗೆ. "ಆ ವಾಸನಿಗಿ ನನ್ನ ತಲಿ ಸಿಡೀತೈತಿ. ಆ ಮೂಲಿ ಹಂಗ ಬಿಡಸ್ರಿ. ಸಾಲಿಯಿಂದ ಬಂದ ಮ್ಯಾಲ ಚಪ್ಲಿ ಬಿಟ್ಟ ಮಣ್ಣಾಗ ಕಾಲ ಚಾಚಿ ಕೂಡಬೇಕ ಅನಸತೈತಿ. ಒಂದ್ ಸ್ವಲ್ಪ ಹೊತ್ತು. ಯಾರೂ ಏನೂ ಕೇಳಬಾರದು."

ಮಲ್ಲಿಗೆ ಬೇಡವಂತೆ! ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡ ಹಂದರ ಒಂದು ಮಾತಿಗೆ ಬಿತ್ತು. ಸಿಟ್ಟು ಮತ್ತೆ ಮೂಗಿಗೆ ಬಂತು, ಈ ಸಲ ಅವಳ ಮೇಲೆ. ನುಂಗಿಕೊಂಡೆ. ಕೇಳಿದ ಮೇಲೆ ಕೇಳಿಸಿಕೊಳ್ಳಲೂಬೇಕಲ್ಲ. ಮಗನೂ ಸೊಸೆಯೂ ಕೆಲಸಕ್ಕೆ ಹೊರಟುಹೋದೊಡನೆ ಗುತ್ತಿಗೆದಾರನಿಗೆ ಆ ಮೂಲೆಯ ಟೈಲ್ಸ್ ಕೀಳಲು ಹೇಳಿದೆ.

"ಸಾಹೇಬ್ರನ್ನ ಒಂದ ಮಾತ ಕೇಳತೇನ್ರೀ ಅಜ್ಜಿ" ಎಂದ ಅವನು.

"ಕೇಳಬೇಕಾದವರನ್ನ ಕೇಳಿದ್ದಾತು. ಕೀಳ" ಎಂದೆ.

ಸಿಮೆಂಟು ಇನ್ನೂ ಹಸಿಯಾಗಿತ್ತು, ಟೈಲ್ಸ್ ಸುಲಭವಾಗಿ ಎದ್ದು ಬಂದವು. ಸಂಜೆ ಸುನಂದಾ ಸಾಲಿಯಿಂದ ಬಂದವಳು ನೇರ ಅಲ್ಲಿಗೇ ಹೋಗಿ ಮಣ್ಣಿನಲ್ಲಿ ಕಾಲು ಚಾಚಿ ಕುಳಿತಳು. ನಾನು ಒಳಗೇ ಇದ್ದೆ, ಕರೆಯದೆ ಹೋಗಬಾರದೆಂದು. ಮಗ ಬಂದ. ಅಡುಗೆಮನೆ ನೋಡಿದ, ಹಿತ್ತಲು ನೋಡಿದ, ಆಮೇಲೆ ನನ್ನ ಹತ್ತಿರ ಬಂದು ನಿಂತ.

"ಅವ್ವಾ, ಚಹಾ?"

"ಪುಡಿ ಡಬ್ಬಿ ಮ್ಯಾಲಿನ ಫಳಿ ಮ್ಯಾಲ ಐತಿ" ಎಂದೆ. "ಮೂರು ಮಂದಿಗಿ ಮಾಡ."