ಕತ್ತೆಯ ಪಿಚ್ಚರಿಗೆ ಲಕ್ಕವ್ವನ ಸರ್ಟಿಫಿಕೇಟು

ಕತ್ತೆ ನೀರಿನ ಟ್ಯಾಂಕಿನ ಮೇಲಿಂದ ಬೀಳುತ್ತದೆ. ಬೀಳುವಾಗ ನಾಲ್ಕೂ ಕಾಲು ಫ್ಯಾನಿನ ಹಾಗೆ ತಿರುಗುತ್ತವೆ. ನೆಲಕ್ಕೆ ಅಪ್ಪಳಿಸಿ ನೀರುದೋಸೆಯಷ್ಟು ತೆಳ್ಳಗಾಗುತ್ತದೆ. ಆಮೇಲೆ ಒಂದು ಮೂಲೆಯಿಂದ ತನ್ನನ್ನು ತಾನೇ ಎಬ್ಬಿಸಿಕೊಂಡು, ಬಾಲ ಕೊಡವಿ, ಮುಂದಿನ ಸೀನಿಗೆ ನಡೆದುಹೋಗುತ್ತದೆ. ಥಿಯೇಟರಿನಲ್ಲಾಗಿದ್ದರೆ ಈ ಹೊತ್ತಿಗೆ ಅರ್ಧ ಜನಕ್ಕೆ ಪಾಪ್‌ಕಾರ್ನ್ ನೆತ್ತಿಗೆ ಹತ್ತಿರುತ್ತಿತ್ತು. ಲಕ್ಕವ್ವ ನಗುವುದಿಲ್ಲ. ಮೊಬೈಲಿನ ಮೇಲೆ ಹೆಬ್ಬೆರಳೊತ್ತಿ ಕತ್ತೆಯನ್ನು ನಿಲ್ಲಿಸುತ್ತಾರೆ, ಹಿಂದಕ್ಕೆ ಎಳೆದು ಟ್ಯಾಂಕ್ ಹತ್ತಿಸುತ್ತಾರೆ, ಮತ್ತೊಮ್ಮೆ ಬೀಳಿಸುತ್ತಾರೆ.

"ಮೂರ್ ಮಾಳಿಗಿ ಎತ್ತರ ಐತಿ," ಎನ್ನುತ್ತಾರೆ, ಯಾರಿಗೂ ಅಲ್ಲದ ಹಾಗೆ.

ಮಣಿಪಾಲದ ಒಳರಸ್ತೆಯೊಂದರಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟಿನ ಹಿಂಬದಿಯ ತಗಡಿನ ಶೆಡ್ಡು ಇದು. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸ್ಟೌವಿನ ಮೇಲೆ ಉಪ್ಪಿಟ್ಟಿಗೆ ನೀರು ಕಾಯುತ್ತಿದೆ. ಪಕ್ಕದ ಸಾಲಿನಲ್ಲಿ ಕೆಲಸದವರು ಮಲಗಿದ್ದಾರೆಂದು ಮೊಬೈಲಿನ ಧ್ವನಿ ಬಂದ್ ಮಾಡಲಾಗಿದೆ. ಡೈಲಾಗಿಲ್ಲ, ಮ್ಯೂಸಿಕ್ಕಿಲ್ಲ, ಪಂಚಿಲ್ಲ. ಧ್ವನಿ ತೆಗೆದ ಕಾಮಿಡಿಯಲ್ಲಿ ಉಳಿಯುವುದು ಒಂದೇ: ಒಂದು ಪ್ರಾಣಿ ಮತ್ತೆ ಮತ್ತೆ ಬೀಳುತ್ತಿದೆ.

ಕೊಪ್ಪಳದ ಕಡೆಯ ಲಕ್ಕವ್ವ ಈ ಊರಿಗೆ ಬಂದದ್ದು ಕಲ್ಲು, ಜಲ್ಲಿ ಹೊರಲು. ಉಡುಪಿಯಿಂದ ಕಾರ್ಕಳದವರೆಗೆ ಅವರ ತಲೆಯ ಮೇಲೆ ಹಾದುಹೋದ ಕಟ್ಟಡಗಳಲ್ಲಿ ಈಗ ಬ್ಯಾಂಕುಗಳಿವೆ, ಹಾಸ್ಟೆಲುಗಳಿವೆ, ಒಂದು ಮದುವೆ ಹಾಲೂ ಇದೆ. ಮೊಣಕಾಲು ಕೈಕೊಟ್ಟ ಮೇಲೆ ಅವರ ಪಾಲಿಗೆ ಈ ಶೆಡ್ಡು ಬಂತು. ತಾಯಂದಿರು ಕೆಲಸಕ್ಕೆ ಹತ್ತಿದ ಮೇಲೆ ಇಪ್ಪತ್ತರ ಆಸುಪಾಸು ಮಕ್ಕಳನ್ನು ಸಂಜೆಯವರೆಗೆ ಇಟ್ಟುಕೊಳ್ಳುವುದು, ಉಣ್ಣಿಸುವುದು, ಮಲಗಿಸುವುದು, ಜಗಳ ಬಿಡಿಸುವುದು. ಅದರ ಜೊತೆಗೆ ಕಳೆದ ವರ್ಷದಿಂದ ಇನ್ನೊಂದು ಕೆಲಸವೂ ಅಂಟಿಕೊಂಡಿದೆ. ಮಕ್ಕಳು ನೋಡುವ ಯಾವ ಪಿಚ್ಚರನ್ನೇ ಆಗಲಿ ಮೊದಲು ಲಕ್ಕವ್ವ ನೋಡಬೇಕು. ಅವರು ಹ್ಞೂಂ ಅಂದರೆ ಉಂಟು, ಇಲ್ಲವಾದರೆ ಇಲ್ಲ. ಈ ಸೆನ್ಸಾರ್ ಬೋರ್ಡಿಗೆ ಅಧ್ಯಕ್ಷರು, ಸದಸ್ಯರು, ಬಾಗಿಲು ಕಾಯುವವರು ಎಲ್ಲ ಅವರೊಬ್ಬರೇ.

ಬೋರ್ಡಿನ ರೂಲ್ಸೂ ಬೇರೆ. ಬೈಗುಳ, ಬೀಡಿ, ಹೊಡೆದಾಟಕ್ಕೆ ಅವರ ಕತ್ತರಿ ಏಳುವುದೇ ಇಲ್ಲ. "ಅದನ್ನೆಲ್ಲಾ ಹುಡುಗ್ರು ದಿನಾ ಪುಕ್ಕಟೆ ನೋಡ್ತಾವ ಬಿಡ್ರಿ," ಎನ್ನುತ್ತಾರೆ. ಅವರ ಕಣ್ಣು ಹುಡುಕುವುದು ನಾಲ್ಕು ಸಂಗತಿ. ಎತ್ತರದಿಂದ ಬೀಳಬಾರದು. ನೀರಿಗೆ ಹಾರಬಾರದು. ವೈರು ಕಚ್ಚಬಾರದು. ಡಬ್ಬ, ಪೈಪಿನೊಳಗೆ ಅಡಗಿ ಕೂರಬಾರದು. ಪ್ರಾಣಿಗಳ ಕಾಮಿಡಿಯಿಂದ ಇಷ್ಟನ್ನು ತೆಗೆದರೆ ಉಳಿಯುವುದು ಟೈಟಲ್ ಕಾರ್ಡು ಮತ್ತು ಕೊನೆಯ ಹಾಡು. ಹಾಗಾಗಿ ಈ ಶೆಡ್ಡಿನಲ್ಲಿ ಪಾಸಾದ ಪಿಚ್ಚರುಗಳು ತುಂಬಾ ಕಡಿಮೆ. ಪಾಸಾದವೂ ಮಕ್ಕಳಿಗೆ ನಿದ್ದೆ ಬರಿಸುವಂಥವು.

ಈ ವಾರ ಕಟಕಟೆಯಲ್ಲಿ ನಿಂತಿರುವುದು ಕತ್ತೆ. ಮೋಡವನ್ನು ಹುಲ್ಲಿನ ಬಣವೆ ಎಂದು ನಂಬಿ ಅದನ್ನು ತಿನ್ನಲು ಹೊರಟ ಕತ್ತೆ, ಅದಕ್ಕೆ ಬುದ್ಧಿ ಹೇಳುವ ಕಾಗೆ, ಯಾರಿಗೂ ಬುದ್ಧಿ ಹೇಳದೆ ತಿಂದು ಮಲಗುವ ಹಂದಿ. ಕನ್ನಡಕ್ಕೆ ಡಬ್ ಆದ ಕಾರ್ಟೂನ್, ಎರಡನೇ ಭಾಗ. ತಂದುಕೊಟ್ಟವಳು ದೀಕ್ಷಿತಾ. ಕಾರ್ಕಳದ ಹುಡುಗಿ, ಇಲ್ಲೇ ಕಾಲೇಜಿನಲ್ಲಿ ಓದುತ್ತಾಳೆ, ವಾರಕ್ಕೊಮ್ಮೆ ಬಂದು ಮಕ್ಕಳಿಗೆ ಅಕ್ಷರ ಹೇಳಿಕೊಡುತ್ತಾಳೆ. ಭಾನುವಾರ ಸಂಜೆ ಪ್ರೊಜೆಕ್ಟರ್ ತಂದು ಬಿಳಿ ಬೆಡ್‌ಶೀಟಿನ ಮೇಲೆ ದೊಡ್ಡದಾಗಿ ತೋರಿಸುವುದು ಅವಳ ಆಸೆ.

"ಆಂಟಿ, ಇದಕ್ಕೆ ಯು ಸರ್ಟಿಫಿಕೇಟ್ ಉಂಟು. ಎಲ್ಲರೂ ನೋಡಬಹುದು ಅಂತ," ಎಂದಿದ್ದಳು.

"ಎಲ್ಲಾರೂ ಅಂದ್ರ ಅದ್ರಾಗ ನಾವೂ ಬಂದ್ವೇನವ್ವಾ?" ಎಂದು ಕೇಳಿದ್ದರು ಲಕ್ಕವ್ವ.

ದೀಕ್ಷಿತಾ ಪಿಚ್ಚರಿದ್ದ ಮೊಬೈಲನ್ನು ಅವರ ಕೈಗಿಟ್ಟು ಹೋದಳು. ಇವತ್ತು ಶನಿವಾರ. ತೀರ್ಪು ಇವತ್ತೇ ಬೇಕು.

ಎಂಟು ಗಂಟೆಯ ಹೊತ್ತಿಗೆ ಶೆಡ್ಡು ತುಂಬುತ್ತದೆ. ಒಬ್ಬೊಬ್ಬರೂ ಒಳಗೆ ಬರುತ್ತಿದ್ದಂತೆ ಕೇಳುವುದು ಒಂದೇ. ಎಲ್ಲರಿಗಿಂತ ಜೋರಾಗಿ ಕೇಳುವವನು ಬೀರಪ್ಪ, ಏಳು ವರ್ಷದವನು. ಬಲಗಾಲು ಎಡಗಾಲಿಗಿಂತ ಗಿಡ್ಡ. ನಡೆಯುವಾಗ ಇಡೀ ಮೈ ಒಂದು ಕಡೆಗೆ ವಾಲಿ ಮತ್ತೆ ನೆಟ್ಟಗಾಗುತ್ತದೆ.

"ಆಯಿ, ಕತ್ತಿ ಪಾಸಾತೇನು?"

"ಇನ್ನಾ ಪರೀಕ್ಷಾ ನಡದೈತಿ."

"ಕತ್ತಿ ಫೇಲಾದ್ರ ನಿನ್ ಉಪ್ಪಿಟ್ಟೂ ಫೇಲು ನೋಡ!"

ಶೆಡ್ಡಿಗೆ ಶೆಡ್ಡೇ ನಗುತ್ತದೆ. ಲಕ್ಕವ್ವ ಸೌಟು ಎತ್ತಿ ಹೆದರಿಸುತ್ತಾರೆ. ಆದರೆ ಅವರ ಕಣ್ಣು ಹೋಗಿ ನಿಲ್ಲುವುದು ಆ ಕಾಲಿನ ಮೇಲೆಯೇ.

ಫ್ಲ್ಯಾಶ್‌ಬ್ಯಾಕು ತುಂಬ ಉದ್ದವಿಲ್ಲ. ಕಳೆದ ವರ್ಷ ಮಳೆಗಾಲ ಮುಗಿದ ಹೊತ್ತು. ಬೀರಪ್ಪ ಅಮ್ಮನ ಮೊಬೈಲಿನಲ್ಲಿ ಇದೇ ಕತ್ತೆಯ ಮೊದಲ ಭಾಗ ನೋಡಿದ್ದ. ಅದರಲ್ಲಿ ಕತ್ತೆ ಕಂಬಳಿ ಹಿಡಿದು ಗುಡ್ಡದಿಂದ ತೇಲಿಕೊಂಡು ಇಳಿಯುತ್ತದೆ. ಹುಡುಗ ಸಿಮೆಂಟಿನ ಖಾಲಿ ಚೀಲ ಹಿಡಿದು ಮೊದಲ ಮಹಡಿಯ ಸ್ಲ್ಯಾಬಿನ ಅಂಚಿಗೆ ಹೋದ. ಚೀಲ ತೇಲಲಿಲ್ಲ. ತೊಡೆಯ ಎಲುಬು ಎರಡಾಯಿತು, ಆಪರೇಶನ್ ಆಯಿತು, ಕಾಲು ಗಿಡ್ಡವಾಗಿಯೇ ಉಳಿಯಿತು. ಕಾರ್ಟೂನ್ ನೋಡಿ ಹಾರಿದ ಅಂತ ಸೈಟಿಗೆ ಸೈಟೇ ಮಾತಾಡಿತು. ಲಕ್ಕವ್ವನ ಸೆನ್ಸಾರ್ ಬೋರ್ಡು ಹುಟ್ಟಿದ್ದು ಹೀಗೆ.

ಲಕ್ಕವ್ವನಿಗೆ ಇನ್ನೊಂದು ಸೀನೂ ನೆನಪಿದೆ, ಅದನ್ನು ಯಾರೂ ಮಾತಾಡುವುದಿಲ್ಲ. ಆ ದಿನ ಬೆಳಗ್ಗೆ ಸಾಮಾನು ಮೇಲೆತ್ತಲು ಅಡ್ಡಿಯಾಗುತ್ತದೆಂದು ಸ್ಲ್ಯಾಬಿನ ಅಂಚಿಗೆ ಯಾರೂ ಬೀಳದಂತೆ ಕಟ್ಟಿದ್ದ ಬಿದಿರನ್ನು ಬಿಚ್ಚಿದ್ದರು. ಮತ್ತೆ ಕಟ್ಟಿರಲಿಲ್ಲ. ಬೀರಪ್ಪನನ್ನು ಆಸ್ಪತ್ರೆಗೆ ಒಯ್ದ ಜೀಪು ವಾಪಸು ಬರುವುದರೊಳಗೆ ಬಿದಿರು ಅಲ್ಲಿತ್ತು. ಗಟ್ಟಿಯಾಗಿ, ಎರಡೆರಡು ಗಂಟು ಹಾಕಿ.

ಸೂಪರ್‌ವೈಸರ್ ಸುಂದರ ಕಾಪುವಿನಿಂದ ಬೆಳಗ್ಗಿನ ಬಸ್ಸಿಗೆ ಬರುತ್ತಾರೆ. ಕೆಟ್ಟ ಮನುಷ್ಯ ಅಲ್ಲ. ಮಗುವೊಂದಕ್ಕೆ ಜ್ವರ ಬಂದರೆ ರಿಕ್ಷಾ ಹಿಡಿದು ಕೊಡುವವರೂ ಅವರೇ. ಆದರೆ ಅವರ ಮೇಲೂ ಒಬ್ಬ ಸಾಹೇಬರಿದ್ದಾರೆ, ಆ ಸಾಹೇಬರ ಮೇಲೆ ಇನ್ನೊಬ್ಬರು. ಈ ಶೆಡ್ಡು ಯಾವ ಕಾಗದದ ಮೇಲೂ ನಿಂತಿಲ್ಲ, ಸುಂದರರ ಬಾಯಿಮಾತಿನ ಮೇಲೆ ನಿಂತಿದೆ. ಅವರು ನಾಳೆ ಬೇಡ ಅಂದರೆ ಲಕ್ಕವ್ವ ಊರ ಬಸ್ಸು ಹತ್ತಬೇಕು. ಮಕ್ಕಳು ಮೊದಲಿನಂತೆ ಮರಳಿನ ರಾಶಿಯ ಮೇಲೆ, ಜಲ್ಲಿಯ ಮೇಲೆ, ಅಮ್ಮಂದಿರ ಕಣ್ಣಿಗೆ ಬಿದ್ದಷ್ಟು ಹೊತ್ತು.

"ಎಂತ ಲಕ್ಕವ್ವಾ, ನೋಡಿ ಆಯ್ತಾ ಪಿಚ್ಚರ್?" ಸುಂದರ ಹೊರಗೆ ನಿಂತೇ ಕೇಳುತ್ತಾರೆ.

"ನೋಡೀನ್ರಿ."

"ಬೀಳುವುದು ಉಂಟಾ?"

"ಬೀಳೂದ ಐತ್ರಿ. ಬ್ಯಾರೆ ಏನೂ ಇಲ್ಲ."

"ಹಾಗಾದ್ರೆ ಮುಗೀತಲ್ವಾ? ಬೇಡ ಅಂತ ಹೇಳಿಬಿಡು ಮಾರಾಯ್ತಿ. ಕಳೆದ ಸಲ ಆದದ್ದೇ ಸಾಕು. ಈ ಕಾರ್ಟೂನಿನವರಿಗೆ ಬುದ್ಧಿ ಇಲ್ಲ, ಮಕ್ಕಳನ್ನು ಹಾಳು ಮಾಡ್ತಾರೆ."

ಕುಡಿಯುವ ನೀರು ತುಂಬಿಕೊಳ್ಳಲು ಬಂದ ನಾಗವೇಣಿ ಕೊಡ ಕೆಳಗಿಡುತ್ತಾರೆ. ಬೀರಪ್ಪನ ತಾಯಿ. ಮಗ ಬಿದ್ದ ದಿನದಿಂದ ಈ ವಿಷಯದಲ್ಲಿ ಅವರು ಬಾಯಿ ಬಿಟ್ಟದ್ದನ್ನು ಯಾರೂ ಕೇಳಿಲ್ಲ. ಇವತ್ತೂ ಅವರು ಸುಂದರರತ್ತ ನೋಡುವುದಿಲ್ಲ, ಲಕ್ಕವ್ವನ ಕಡೆ ತಿರುಗಿ ಹೇಳುತ್ತಾರೆ.

"ಯಕ್ಕಾ, ಕತ್ತಿ ಬಂದು ನನ್ ಮಗನ್ನ ದೂಡಿಲ್ಲ. ಅಲ್ಲಿ ಬಿದಿರು ಇದ್ದಿದ್ರ ಅಂವ ಅದನ್ನ ಹಿಡ್ಕೊಂಡು ನಿಂತು ಮುಗಿಲು ನೋಡ್ತಿದ್ದ. ಅಷ್ಟ."

ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ಹೋಗುತ್ತಾರೆ. ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಇಲ್ಲದ ಇಂಥ ಡೈಲಾಗಿಗೆ ಎದುರಿಗೆ ನಿಂತವರಿಗೆ ಎಲ್ಲಿ ನೋಡಬೇಕೆಂದು ಗೊತ್ತಾಗುವುದಿಲ್ಲ. ಸುಂದರ ತಮ್ಮ ಚಪ್ಪಲಿ ನೋಡುತ್ತಾರೆ. ಲಕ್ಕವ್ವ ಎರಡನೇ ಬ್ಲಾಕಿನ ಕಡೆ ನೋಡುತ್ತಾರೆ. ಅಲ್ಲಿ ಮೊನ್ನೆ ಸೆಂಟ್ರಿಂಗಿನ ಹಲಗೆ ಬಿಚ್ಚಿದ ಸ್ಲ್ಯಾಬು ಆಕಾಶಕ್ಕೆ ಚಾಚಿಕೊಂಡು ನಿಂತಿದೆ. ಅಂಚಿಗೆ ಏನೂ ಇಲ್ಲ.

ಒಂದು ವರ್ಷ ಅವರು ಕತ್ತೆ, ಬೆಕ್ಕು, ಕರಡಿಗಳನ್ನು ಫೇಲು ಮಾಡುತ್ತ ಬಂದಿದ್ದಾರೆ. ಅದು ಸುಲಭವಿತ್ತು. ಕತ್ತೆ ಎದುರು ಮಾತಾಡುವುದಿಲ್ಲ, ಶೆಡ್ಡು ಕಿತ್ತುಕೊಳ್ಳುವುದಿಲ್ಲ. ಒಳಗೆ ಮಕ್ಕಳು ಕಿವಿಗೊಟ್ಟು ಕೂತಿದ್ದಾರೆ.

"ಪಿಚ್ಚರ್ ಪಾಸು, ಸುಂದರಣ್ಣ," ಎನ್ನುತ್ತಾರೆ ಲಕ್ಕವ್ವ. "ಆ ಸ್ಲ್ಯಾಬು ಪಾಸಿಲ್ಲ. ಅದಕ್ಕ ಬಿದಿರು ಕಟ್ಟಸ್ರಿ, ಆಮ್ಯಾಲ ಪರದೆ ಕಟ್ಟೂಣು."

"ನಿನ್ನನ್ನು ಇಟ್ಟದ್ದು ಪಿಚ್ಚರ್ ನೋಡ್ಲಿಕ್ಕೆ. ಬಿಲ್ಡಿಂಗ್ ನೋಡ್ಲಿಕ್ಕಲ್ಲ."

"ಹೌದ್ರಿ. ಪಿಚ್ಚರ್ ನೋಡಿದ್ನಿ. ಕತ್ತಿದೇನೂ ತಪ್ಪು ಕಾಣ್ಲಿಲ್ಲ."

"ಮತ್ತೆ ತಪ್ಪು ಯಾರದ್ದು?"

ಲಕ್ಕವ್ವ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ. ಒಳಗಿನಿಂದ ಒಂದು ಸಣ್ಣ ಧ್ವನಿ, "ಮಾವಾ, ಬಿದಿರು ಕಟ್ರಿ ಮಾವಾ!" ಅನ್ನುತ್ತದೆ. ಅದರ ಬೆನ್ನಿಗೆ ಇಪ್ಪತ್ತು ಧ್ವನಿ. ಸುಂದರ ತುಳುವಿನಲ್ಲಿ ಏನೋ ಗೊಣಗುತ್ತ ಮೊಬೈಲ್ ಕಿವಿಗೆ ಹಚ್ಚಿಕೊಂಡು ಹೋಗುತ್ತಾರೆ. ಆ ದಿನವಿಡೀ ಲಕ್ಕವ್ವ ಒಂದು ತುತ್ತೂ ಉಣ್ಣುವುದಿಲ್ಲ. ಟ್ರಂಕಿನ ಸಾಮಾನು ತೆಗೆದು ಮಡಚಿ ಮತ್ತೆ ಒಳಗಿಡುತ್ತಾರೆ.

ಭಾನುವಾರ ಮಧ್ಯಾಹ್ನ ಬಿದಿರು ಬರುತ್ತದೆ. ಸುಂದರ ರಜೆಯ ದಿನ ಕಾಪುವಿನಿಂದ ಬಂದು, ಇಬ್ಬರನ್ನು ಹಿಡಿದು ತಾವೇ ನಿಂತು ಕಟ್ಟಿಸುತ್ತಾರೆ. ಆದರೆ ರಸ್ತೆ ಕಡೆಗೆ ಮಾತ್ರ. ಉಳಿದ ಮೂರು ಕಡೆಗೆ ಬಿದಿರು ಸಾಲದು. "ನಾಳೆ ನೋಡುವ," ಎನ್ನುತ್ತಾರೆ. ನಾಳೆ ಅನ್ನುವ ಮಾತು ಈ ಸೈಟಿನಲ್ಲಿ ಎಷ್ಟು ಗಟ್ಟಿ ಎಂದು ಲಕ್ಕವ್ವನಿಗೆ ಗೊತ್ತು. ಹೆಂಗಸರಿಂದ ಹಳೆಯ ಸೀರೆಗಳನ್ನು ಕೇಳಿ ತಂದು, ಆ ಮೂರು ಕಡೆ ಕಂಬದಿಂದ ಕಂಬಕ್ಕೆ ಎಳೆದು ಕಟ್ಟುತ್ತಾರೆ. ನಾಗವೇಣಿ ಗಂಟು ಬಿಗಿಯುತ್ತಾರೆ.

"ಸೀರಿ ತಡಿಯಾಂಗಿಲ್ಲ, ನಂಗೊತ್ತೈತಿ," ಎನ್ನುತ್ತಾರೆ ಲಕ್ಕವ್ವ. "ಆದ್ರ ಅವ್ವನ ಸೀರಿ ಕಂಡ್ರ ಹುಡುಗ್ರು ಒಂದ್ ಗಳಿಗಿ ನಿಂದರ್ತಾವ. ಅಷ್ಟರಾಗ ಯಾರರ ಓಡಿ ಬರಬೌದು."

ಸಂಜೆ ಬೆಡ್‌ಶೀಟಿನ ಮೇಲೆ ಕತ್ತೆ ಆನೆಯಷ್ಟು ದೊಡ್ಡದಾಗಿ ಮೂಡುತ್ತದೆ. ಟ್ಯಾಂಕಿನಿಂದ ಬೀಳುತ್ತದೆ, ಟವರಿನಿಂದ ಬೀಳುತ್ತದೆ, ಹಂದಿಯ ಹೊಟ್ಟೆಯ ಮೇಲೆ ಬಿದ್ದು ಪುಟಿಯುತ್ತದೆ. ಮಕ್ಕಳು ಒಬ್ಬರ ಮೇಲೊಬ್ಬರು ಹೊರಳಿ ನಗುತ್ತಾರೆ. ದೀಕ್ಷಿತಾ ಮೊದಲ ಸಲ ಪ್ರೊಜೆಕ್ಟರನ್ನು ಮರೆತು ಮಕ್ಕಳನ್ನು ನೋಡುತ್ತಾಳೆ. ಬೀರಪ್ಪ ಗಿಡ್ಡ ಕಾಲನ್ನು ಚಾಚಿಕೊಂಡು ಮುಂದಿನ ಸಾಲಿನಲ್ಲಿದ್ದಾನೆ. ಅವನಷ್ಟು ಜೋರಾಗಿ ಯಾರೂ ನಗುತ್ತಿಲ್ಲ. ಪಕ್ಕದ ಚಿಕ್ಕ ಹುಡುಗಿ ಗಾಬರಿಯಾಗಿ, ಕತ್ತೆಗೆ ನೋವಾಗುವುದಿಲ್ಲವೇ ಎಂದು ಕೇಳಿದಾಗ ಅವನೇ ಸಮಾಧಾನ ಹೇಳುತ್ತಾನೆ.

"ಅದಕ್ಕ ಎಲುಬಿಲ್ಲಲೇ ಹುಚ್ಚಿ. ಎಲುಬಿದ್ದವ್ರಿಗಷ್ಟ ಬ್ಯಾನಿ ಆಗೂದು."

ನಾಗವೇಣಿ ಹಿಂದೆ ಕತ್ತಲಲ್ಲಿ ನಿಂತಿದ್ದಾರೆ. ಮಗನ ಮಾತು ಕೇಳಿಸಿತೋ ಇಲ್ಲವೋ ಗೊತ್ತಾಗುವುದಿಲ್ಲ. ಲಕ್ಕವ್ವ ಪರದೆಗೆ ಬೆನ್ನು ಹಾಕಿ, ಸ್ಲ್ಯಾಬಿಗೆ ಹತ್ತುವ ಮೆಟ್ಟಿಲಿಗೆ ಅಡ್ಡ ಕೂತಿದ್ದಾರೆ. ಯಾವ ಮಗು ಎದ್ದರೂ ಅವರ ಕೈ ಮುಂದೆ ಬರುತ್ತದೆ.

ಶೆಡ್ಡಿನ ಬಗ್ಗೆ ಮೇಲಿನವರು ಇನ್ನೂ ಏನೂ ಹೇಳಿಲ್ಲ. ಹೇಳದೇ ಇರುವುದು ಒಳ್ಳೆಯದಕ್ಕೋ ಕೆಟ್ಟದಕ್ಕೋ ತಿಳಿಯದೆ ಲಕ್ಕವ್ವ ಕಾಯುತ್ತಿದ್ದಾರೆ. ನಿಮಗೇನು ಬೇಕು ಎಂದು ಕೇಳಿದರೆ ಮೊದಲು "ನಂಗೇನ್ ಬೇಕ್ರಿ" ಎನ್ನುತ್ತಾರೆ. ಆಮೇಲೆ ಕಟ್ಟಡದ ಕಡೆ ಮುಖ ಮಾಡುತ್ತಾರೆ.

"ಎಲ್ಲಾ ಕೆಲಸ ಮುಗದ ಮ್ಯಾಲ ಬಾಲ್ಕನಿಗೆ ಗ್ರಿಲ್ ಹಾಕ್ತಾರ್ರಿ. ಚಂದ ಇರ್ತಾವ, ಗಟ್ಟಿ ಇರ್ತಾವ. ಅಷ್ಟ್ರಾಗ ನಾವು ಹುಡುಗ್ರನ್ನ ಕರ್ಕೊಂಡು ಮುಂದಿನ ಬಿಲ್ಡಿಂಗಿಗೆ ಹೋಗಿರ್ತೀವಿ. ಒಂದ ಒಂದ್ ಬಿಲ್ಡಿಂಗಿನ್ಯಾಗರ, ನಾವು ಇರೂದ್ರಾಗ ಗ್ರಿಲ್ ಬರಲಿ."