ಮಾಯಮ್ಮನ ಪೂರ್ವ ದಿಕ್ಕು

‘ದೇಹದಲ್ಲಿ ದೃಢವಾಗಿಯೂ ಮನಸ್ಸಿನಲ್ಲಿ ಸ್ವಸ್ಥವಾಗಿಯೂ ಇದ್ದು ಬರೆಸಿದ ಉಯಿಲು’ ಎಂದು ಮಾಗಡಿಯ ಲಾಯರ್ ಮಹೇಂದ್ರ ಟೈಪ್ ಮಾಡುತ್ತಿರುವಾಗಲೇ ಪ್ಲಾಸ್ಟಿಕ್ ಕುರ್ಚಿಯ ಹಿಂಗಾಲು ಮುರಿದು ಮಾಯಮ್ಮ ನೆಲಕ್ಕೆ ಬಿದ್ದಳು. ಆಸ್ತಿ ಬರೆಸಲು ಬಂದವಳು ಅಸ್ಥಿ ಮುರಿದುಕೊಂಡಳೇನೋ ಎಂದು ಅವನು ಗಾಬರಿಯಾದ. ಅವಳು ಸೆರಗು ಸರಿಮಾಡಿಕೊಂಡು ಅಲ್ಲೇ ಕಾಲು ಚಾಚಿದಳು.

“ಶಕ್ತಿ ಇಲ್ದಿರೋದು ನಿನ್ ಕುರ್ಚಿಗೆ ಕಣಪ್ಪ. ನಂಗೈತೆ. ನೀನು ಬರ್ಕೊ.”

ಬೇರೆ ಕುರ್ಚಿ ತರಿಸಿದರೂ ಏರಲಿಲ್ಲ. ಉಳಿದ ಉಯಿಲನ್ನೆಲ್ಲ ನೆಲದ ಮೇಲೆ ಕೂತೇ ಬರೆಸಿದಳು.

ಸೋಲೂರು ಕಡೆಯ ಈ ಮಾಯಮ್ಮನಿಗೆ ಎಪ್ಪತ್ತೆರಡು. ಗಂಡ ತೀರಿಕೊಂಡ ಮೇಲೆ ಮೂರು ಹಸು ಕಟ್ಟಿ, ಡೈರಿಗೆ ಹಾಲು ಹಾಕಿ, ಇಪ್ಪತ್ತೆರಡು ಗುಂಟೆ ತೆಂಗಿನ ತೋಟ ಕೊಂಡವಳು. ಸಹಿ ಕಲಿತದ್ದೂ ಡೈರಿಯಲ್ಲೇ. ತೋಟ ಮಗ ನಟರಾಜುವಿಗೆ ಎಂದು ಊರೆಲ್ಲ ಅಂದುಕೊಂಡಿತ್ತು, ನಟರಾಜುವೂ ಅಂದುಕೊಂಡಿದ್ದ. ಅವಳು ಮಾತ್ರ ಮಗಳು ಪುಟ್ಟಿಗೆ ಅಂದುಬಿಟ್ಟಳು. ನೆಂಟರು ಒಬ್ಬೊಬ್ಬರಾಗಿ ಬಂದು, ಹೆಣ್ಣುಮಗಳಿಗೆ ಕೊಟ್ಟರೆ ತೋಟ ಬೇರೆ ಮನೆ ಸೇರುತ್ತದೆ ಎಂದು ಬುದ್ಧಿ ಹೇಳಿದರು. ಊರಿಗೆ ಏನು ಉತ್ತರ ಕೊಡುತ್ತೀಯ ಎಂದು ಹಿರಿಯನೊಬ್ಬ ಕೇಳಿದ. ಊರು ಒಂದು ದಿನವಾದರೂ ಐದಕ್ಕೆ ಎದ್ದು ನನ್ನ ಹಸುವಿಗೆ ಹುಲ್ಲು ಹಾಕಿದೆಯೇ ಎಂದು ತಿರುಗಿ ಕೇಳಿ, ಅವನ ಲೋಟಕ್ಕೆ ಇನ್ನಷ್ಟು ಮಜ್ಜಿಗೆ ಬಗ್ಗಿಸಿದಳು. ವಿಲ್ ಬರೆಸುವ ಮುಂಚೆಯೇ ವಿಲ್‌ಪವರ್ ಇದ್ದ ಹೆಂಗಸು. ಮುನಿಸಿಕೊಂಡ ನಟರಾಜುವಿನ ಸ್ಕೂಟರಿನ ಹಿಂದೆ ಕೂತೇ ಮಾಗಡಿಗೆ ಬಂದಿದ್ದಳು.

ತೊಡಕಾದದ್ದು ಚಕ್ಕುಬಂದಿಯಲ್ಲಿ. ಜಮೀನಿನ ನಾಲ್ಕು ದಿಕ್ಕಿಗೂ ಯಾರಿದ್ದಾರೆ ಎಂದು ಕಾಗದದಲ್ಲಿ ಬರೆಯಲೇಬೇಕು ಎಂದ ಮಹೇಂದ್ರ. ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಬೈರಪ್ಪನ ರಾಗಿ ಹೊಲ. ಪೂರ್ವಕ್ಕೆ ಎಂದಾಗ ಮಾಯಮ್ಮ ಗೋಡೆ ನೋಡಿದಳು.

ಪೂರ್ವಕ್ಕಿದ್ದದ್ದು ಅವಳ ವಾರಗಿತ್ತಿ ವರಲಕ್ಷ್ಮಮ್ಮನ ತೋಟ. ಬೇಲಿಯ ಮೇಲಿನ ಮರದ ಕಾಯಿ ಯಾರದು ಎಂಬ ಜಗಳದಲ್ಲಿ ಇಬ್ಬರೂ ಮಾತು ಬಿಟ್ಟು ಹನ್ನೊಂದು ವರ್ಷ. ಆ ಹೆಸರು ಎತ್ತುವುದಿಲ್ಲ, ಕೇಳುವುದೂ ಇಲ್ಲ ಎಂದು ಮಾಯಮ್ಮ ಆಣೆ ಇಟ್ಟುಕೊಂಡಿದ್ದಳು.

“ಪೂರ್ವಕ್ಕೆ ಸೂರ್ಯ ಹುಟ್ತಾನೆ. ಹಂಗೇ ಬರಿ.”

“ಸೂರ್ಯನ ಹೆಸ್ರಲ್ಲಿ ಪಹಣಿ ಇಲ್ಲಮ್ಮ,” ಅಂದ ಮಹೇಂದ್ರ.

ಕೊನೆಗೆ ಬಾಗಿಲಲ್ಲಿ ನಿಂತಿದ್ದ ನಟರಾಜುವೇ ದೊಡ್ಡಮ್ಮನ ಹೆಸರು ಹೇಳಿ, ತಾಯಿಯ ಕೆಂಗಣ್ಣಿಗೆ ಗುರಿಯಾದ. ಆ ಹೆಸರು ಕಾಗದದಲ್ಲಿರಲಿ, ತನ್ನ ಕಿವಿಗೆ ಬೀಳಕೂಡದು ಎಂದು ಮಾಯಮ್ಮ ಷರತ್ತು ಹಾಕಿದಳು. ಆದರೆ ಸಹಿಗೆ ಮುಂಚೆ ಪೂರ್ತಿ ಓದಿ ಹೇಳುವುದು ಮಹೇಂದ್ರನ ಪದ್ಧತಿ. ಪೂರ್ವ ಬಂದೊಡನೆ ಅವಳು ಎರಡೂ ಕಿವಿಗೆ ಸೆರಗು ತುರುಕಿಕೊಂಡಳು. ಆ ಸಾಲು ಮುಗಿಯಿತೆಂದು ಅವನು ಕೈಸನ್ನೆ ಮಾಡಿದ ಮೇಲೆ ತೆಗೆದು, ಉಳಿದದ್ದು ಕೇಳಿ ಸಹಿ ಹಾಕಿದಳು. ಸಾಕ್ಷಿ ಹಾಕಲು ಬಂದಿದ್ದ ಜೆರಾಕ್ಸ್ ಅಂಗಡಿಯ ಶುಕೂರ್ ನಗು ತಡೆಯಲಾರದೆ ಹೊರಗೆ ಹೋಗಿ ಬಂದು, ತನ್ನ ಗಿರಾಕಿಯೊಬ್ಬನ ಜೊತೆ ಸಹಿ ಹಾಕಿದ.

ಹೆಣ್ಣುಮಕ್ಕಳಿಂದ ಹಕ್ಕು ಬಿಡಿಸಿಕೊಳ್ಳುವ ಪತ್ರಗಳನ್ನೇ ಬರೆದು ಬರೆದು ಸಾಕಾಗಿದ್ದ ಮಹೇಂದ್ರ ಎದ್ದು ಬಂದು ಅವಳೆದುರು ನೆಲದ ಮೇಲೆ ಕೂತ.

“ಮಗಳಿಗೂ ನ್ಯಾಯ ಸಿಗ್ಲಿ ಅಂತ ತಾನೇ ಅಮ್ಮ, ನೀವು ಇಷ್ಟು ಜನರನ್ನ ಎದುರು ಹಾಕ್ಕೊಂಡಿದ್ದು?”

“ಅದೆಲ್ಲ ನಂಗೊತ್ತಿಲ್ಲ ಕಣಪ್ಪ. ನಮ್ ನಟರಾಜು ಒಳ್ಳೇವ್ನು. ಪೂರ್ವದೋಳು ಒಂದ್ ಲೋಟ ಕಾಪಿ ಕೊಟ್ರೆ ಬೇಲಿ ಬುಟ್ಕೊಟ್ಟು ಬತ್ತಾನೆ. ಪುಟ್ಟಿ ಹಂಗಲ್ಲ. ಜಗಳ ಚೆನ್ನಾಗ್ ಆಡ್ತಾಳೆ.”