ಹಳೇದ್ರಲ್ಲಿ ಐತಾ ನೋಡಾಣ

ತುರುವೇಕೆರೆಯ ಕಚೇರಿಯಲ್ಲಿ ರೇಷನ್ ಕಾರ್ಡಿನ ಗುಮಾಸ್ತರ ಪಕ್ಕದ ಮೇಜು ನನ್ನದು. ಒಂದೇ ಹೆಸರನ್ನು ಎರಡು ಸಲ ಬರೆದುಬಿಟ್ಟರೆ ಅವರಿಗೆ ಅನ್ನ ಸೇರುತ್ತಿರಲಿಲ್ಲ. ಯಾರು ಅರ್ಜಿ ಕೊಟ್ಟರೂ, "ತಡೀರಿ, ಹಳೇ ರಿಜಿಸ್ಟರಲ್ಲಿ ಐತಾ ನೋಡಾಣ" ಎಂದು ಬೆರಳಿಗೆ ಎಂಜಲು ಹಚ್ಚಿ ಮೊದಲ ಪುಟದಿಂದಲೇ ಹೊರಡುವರು. "ದಬ್ಬೇಘಟ್ಟದ ಬಸ್ಸು ಹೊಂಟೋಯ್ತದೆ ಸ್ವಾಮಿ" ಎಂದು ಗೋಗರೆದರೂ ಆ ಬೆರಳಿಗೆ ಅವಸರವಿಲ್ಲ.

ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಅವರಿಗೊಬ್ಬ ಮಗಳು ಹುಟ್ಟಿದಳು. ನಾಮಕರಣದ ಮಾರನೆಯ ದಿನ ಮಗಳ ಹೆಸರು ಕಾರ್ಡಿಗೆ ಸೇರಿಸಲು ತಾವೇ ಅರ್ಜಿ ತುಂಬಿ, ತಾವೇ ತೆಗೆದುಕೊಂಡು, ಹಳೇ ರಿಜಿಸ್ಟರು ಬಿಚ್ಚಿದರು.

"ಮೊನ್ನೆ ಹುಟ್ಟಿದ ಕೂಸು ಅದ್ರಲ್ಲೆಲ್ಲಿರ್ತದೆ ಕಣ್ರೀ?" ಎಂದು ನಾನು ನಕ್ಕೆ.

ಅವರು ಕೊನೆಯ ಪುಟದವರೆಗೂ ಬೆರಳಾಡಿಸಿ, ನಿಧಾನವಾಗಿ ತಲೆಯೆತ್ತಿದರು.

"ಎಲ್ಲೂ ಇಲ್ಲ ಕಣ್ರೀ. ಹೊಸಬ್ಳೇ."